ನೇತ್ರಾಣಿಯಲ್ಲಿ ನಾನು ಮುಳುಗದ ದಿನ

ಮದುವೆಯಾಗಿ 25 ವರ್ಷ ತುಂಬಿದ ನೆಪಕ್ಕೆ ಮಗಳು ನಮ್ಮಿಬ್ಬರನ್ನೂ ಮಾಲ್ಡೀವ್ಸಿಗೆ ಕಳಿಸುವ ಹಟ ಹಿಡಿದಿದ್ದಳು. ನೀಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕೋಣೆಗಳ ಚಿತ್ರಗಳು ದಿನಕ್ಕೊಂದರಂತೆ ಮೊಬೈಲಿಗೆ ಬರುತ್ತಿದ್ದವು. ಖರ್ಚಿನ ಲೆಕ್ಕ ಕೇಳಿದ ಹೆಂಡತಿ, “ನೀರಲ್ಲಿ ಮುಳುಗೋದಕ್ಕೆ ಅಷ್ಟು ದೂರ ಯಾಕ್ರೀ? ನಮ್ಮ ನೇತ್ರಾಣಿ ಇಲ್ವಾ?” ಎಂದಳು. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮರುವರ್ಷ, 2022ರಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ಯಲ್ಲಿ ಅವರು ಆ ಕಡಲಿಗೆ ಇಳಿದದ್ದನ್ನು ನೋಡಿದಾಗಿನಿಂದ ಅವಳ ತಲೆಯಲ್ಲಿ ಆ ದ್ವೀಪ ಕೂತಿತ್ತು. ಹೊರಮಾವಿನ ನಮ್ಮ ಮನೆಗೆ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ದೂರವಲ್ಲ. ರಾತ್ರಿ ರೈಲು ಹತ್ತಿದೆವು, ಮರುದಿನ ಮುರ್ಡೇಶ್ವರದಲ್ಲಿದ್ದೆವು.

ನೇತ್ರಾಣಿ ಅಲ್ಲಿಂದ ಸುಮಾರು 19 ಕಿಲೋಮೀಟರ್. ದೋಣಿ ಹೊರಟ ಸ್ವಲ್ಪ ಹೊತ್ತಿಗೆ 123 ಅಡಿಯ ಶಿವನ ವಿಗ್ರಹ ಹೆಬ್ಬೆರಳಿನಷ್ಟಾಯಿತು, ಆಮೇಲೆ ಮಂಜಿನಲ್ಲಿ ಕರಗಿತು. ಎದುರಿಗೆ ಕಡಲಿನಿಂದ ಎದ್ದು ನಿಂತ ಕಡಿದಾದ ಬಂಡೆ, ಅದರ ನೆತ್ತಿಯಲ್ಲಿ ಕಾಡು. ಪ್ರವಾಸಿಗರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ, ನೋಡಬೇಕಾದದ್ದು ಕೆಳಗೆ ಎಂದರು ತರಬೇತುದಾರರು.

ನಾನು ಕೆಳಗೆ ಹೋದದ್ದು ಎರಡು ಮೀಟರಷ್ಟೇ ಇರಬೇಕು. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ದೇಹದ ಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಮೂಗು ಹಿಡಿದು ಊದಿ ಕಿವಿಯ ಒತ್ತಡವನ್ನು ಆಗಾಗ ಸರಿದೂಗಿಸುತ್ತ ಹೋಗಬೇಕು. ನನಗೆ ಅದು ಸಾಧಿಸಲಿಲ್ಲ. ಕಿವಿಗೆ ಸೂಜಿ ಚುಚ್ಚಿದಂತಾಯಿತು, ಕನ್ನಡಕದೊಳಗೆ ನೀರು ನುಗ್ಗಿತು, ಬಾಯಲ್ಲಿ ಉಸಿರಾಡಬೇಕೆಂಬುದು ಮರೆತೇಹೋಯಿತು. ಹೆಬ್ಬೆರಳು ಮೇಲೆ ಮಾಡಿ ತೋರಿಸಿದೆ. ಹೆಂಡತಿ ಒಮ್ಮೆ ನನ್ನತ್ತ ನೋಡಿ, ಕೈಬೀಸಿ, ತರಬೇತುದಾರರ ಜೊತೆ ಕೆಳಗಿನ ನೀಲಿಯಲ್ಲಿ ಇಳಿದುಹೋದಳು.

ದೋಣಿಯಲ್ಲಿ ನಾನು, ಚುಕ್ಕಾಣಿ ಹಿಡಿದ ಹಿರಿಯರು, ಇಬ್ಬರೇ. “ಬೇಜಾರು ಮಾಡ್ಕೊಳ್ಬೇಡಿ. ನಲವತ್ತು ವರ್ಷ ಕಡಲಲ್ಲಿದ್ದೆ, ನಾನೂ ಒಂದು ದಿನ ಕೆಳಗೆ ಇಳೀಲಿಲ್ಲ. ನಮಗೆ ಕೆಲ್ಸ ಇರೂದು ಮೇಲೆ” ಎಂದರು. ಆಮೇಲೆ ದ್ವೀಪದ ಕಡೆ ಕೈ ಮುಗಿದರು. ಅಷ್ಟು ಹೊತ್ತು ಅಲ್ಲಿ ದೇವರಿದ್ದಾನೆಂದು ನಮಗೆ ಯಾರೂ ಹೇಳಿರಲಿಲ್ಲ.

ಜಟಕ, ಜಟ್ಟಿಗ ಎಂದೆಲ್ಲ ಕರೆಯುವ ದೈವದ ನೆಲೆ ಅದು. ಕಡಲಿಗೆ ಹೋದವರು ಸುಖವಾಗಿ ಮರಳಲಿ ಎಂದು ಹರಕೆ ಹೊತ್ತು, ಆಡುಗಳನ್ನು ದೋಣಿಯಲ್ಲಿ ತಂದು ದ್ವೀಪಕ್ಕೆ ಬಿಡುವ ವಾಡಿಕೆ ಈ ತೀರದ್ದು. ಬಿಟ್ಟ ಆಡುಗಳು ಅಲ್ಲೇ ಕಾಡಾಡುಗಳಾಗಿವೆ. ಬಿಳಿಹೊಟ್ಟೆಯ ಕಡಲ ಗಿಡುಗ ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತದೆ. 1870ರ ದಶಕದಲ್ಲಿ ಈ ಕರಾವಳಿಯ ದ್ವೀಪಗಳನ್ನು ಸುತ್ತಿ ಅಲ್ಲಿನ ಹಕ್ಕಿಗಳ ಬಗ್ಗೆ ಬರೆದವರು ಎ. ಓ. ಹ್ಯೂಮ್. ಮುಂದೆ 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಓಡಾಡಿದ ಹ್ಯೂಮ್ ಅವರೇ. ಬ್ರಿಟಿಷರ ನಕಾಶೆಗಳಲ್ಲಿ ದ್ವೀಪದ ಹೆಸರು ಪಿಜನ್ ಐಲ್ಯಾಂಡ್, ಪಾರಿವಾಳದ ದ್ವೀಪ.

ಅದಕ್ಕೂ ಹಿಂದೆ? ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ, ಮೆಣಸಿಗೆಂದು ಮುಜಿರಿಸ್ ಬಂದರಿಗೆ ಬರುವ ವರ್ತಕರಿಗೆ ಒಂದು ಎಚ್ಚರಿಕೆ ಕೊಡುತ್ತಾನೆ: ಹತ್ತಿರದಲ್ಲೇ ನಿಟ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ. ಆ ನಿಟ್ರಿಯಾಸ್ ನಮ್ಮ ನೇತ್ರಾಣಿಯೇ ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಇನ್ನು ಕೆಲವರು ನೇತ್ರಾವತಿ ಕಡಲು ಸೇರುವ ಮಂಗಳೂರಿನ ಕಡೆ ಬೆರಳು ತೋರುತ್ತಾರೆ. ವಾದ ತೀರ್ಮಾನವಾಗಿಲ್ಲ. ಆದರೆ ಭಟ್ಕಳ, ಹೊನ್ನಾವರಗಳ ಎದುರಿನ ಈ ನೀರು ಹಡಗುಗಳ ದಾರಿಯಾಗಿದ್ದದ್ದು ನಿಜ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳಕ್ಕೆ ಬಂದು ಅಕ್ಕಿಯ ಕಪ್ಪ ಹೇರಿದ. ಪೋರ್ಚುಗೀಸರು ತಿಮೋಜ ಎಂದು ಕರೆದ ಹೊನ್ನಾವರದ ನಾವಿಕ 1510ರಲ್ಲಿ ಗೋವಾ ಹಿಡಿಯಲು ಅಲ್ಬುಕರ್ಕನಿಗೆ ನೆರವಾದ. ಕೆಲವರ ಕಣ್ಣಿಗೆ ಆತ ಕಡಲ್ಗಳ್ಳ, ಕೆಲವರ ಕಣ್ಣಿಗೆ ಕಡಲ ದಂಡನಾಯಕ.

ಇವರಲ್ಲಿ ಯಾರಿಗೂ ನೀರಿನ ಕೆಳಗೇನಿದೆ ಎಂದು ನೋಡುವ ಸಾಧನವಿರಲಿಲ್ಲ. ನಾವು ಈಗ ಬಳಸುವ ಬಗೆಯ ಸಾಧನ ಬಂದದ್ದು ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ. ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಬರ. ಕಾರುಗಳನ್ನು ಬೇರೆ ಅನಿಲದಿಂದ ಓಡಿಸಲು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಒಂದು ಕವಾಟ ರೂಪಿಸಿದ್ದ. ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೋ ಜೊತೆ ಸೇರಿ ಅದನ್ನೇ ಮನುಷ್ಯನ ಉಸಿರಿಗೆ ಹೊಂದಿಸಿದ. ಎಳೆದಾಗಷ್ಟೇ ಗಾಳಿ ಕೊಡುವ, ನೀರಿನ ಒತ್ತಡಕ್ಕೆ ತಕ್ಕಂತೆ ಕೊಡುವ ಆ ಕವಾಟದ ಮೊಮ್ಮಗುವೇ ಈಗ ನನ್ನ ಹೆಂಡತಿಯ ಹಲ್ಲುಗಳ ನಡುವೆ ಇತ್ತು.

“ಅಲ್ಲಿ ಇಳಿಸೂದಿಲ್ಲ ಯಾಕೆ?” ಎಂದು ಕೇಳಿದೆ. ಅವರು ಬಂಡೆಯ ಒಂದು ಮಗ್ಗುಲು ತೋರಿಸಿದರು. “ಗುಂಡು ಹಾರಿಸ್ತಿದ್ರಲ್ಲ ಮಾರಾಯ್ರೆ. ಸಿಡೀದೆ ಬಿದ್ದದ್ದು ಎಲ್ಲಿದೆಯೋ ಯಾರಿಗೆ ಗೊತ್ತು?” ನೌಕಾಪಡೆ ಈ ದ್ವೀಪವನ್ನು ಬಹುಕಾಲ ಗುರಿ ಅಭ್ಯಾಸಕ್ಕೆ ಬಳಸಿದೆ. ಹವಳ, ಹಕ್ಕಿ, ಮೀನುಗಳ ಬಗ್ಗೆ ಕಾಳಜಿಯಿದ್ದ ವಿಜ್ಞಾನಿಗಳು ಇದಕ್ಕೆ ಆಕ್ಷೇಪ ಎತ್ತಿದರು. ದೇಶದ ರಕ್ಷಣೆಗೆ ಅಭ್ಯಾಸ ಬೇಕು ಎಂಬುದೂ ಸುಳ್ಳಲ್ಲ. ನನಗೆ ಹೊಳೆದದ್ದು ಇಷ್ಟೇ: ಗುರಿ ಮಾಡಲು ಜನವಿಲ್ಲದ ಜಾಗ ಹುಡುಕುತ್ತೇವೆ, ರಜೆ ಕಳೆಯಲೂ ಜನವಿಲ್ಲದ ಜಾಗ ಹುಡುಕುತ್ತೇವೆ. ಎರಡು ಸಲವೂ ಅಲ್ಲಿ ಆಡು ಬಿಟ್ಟು ಹೋದವರು ಲೆಕ್ಕಕ್ಕೆ ಬರುವುದಿಲ್ಲ. ಹೊರಟ ದಿನದಿಂದ ನಾನೂ ‘ಯಾರೂ ಇಲ್ಲದ ದ್ವೀಪ’ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಅರ್ಧ ಗಂಟೆಯ ನಂತರ ಹೆಂಡತಿ ಮೇಲೆ ಬಂದಳು. ಕೆನ್ನೆಯ ಮೇಲೆ ಕನ್ನಡಕದ ಗುರುತು, ಹಲ್ಲು ಕಟಕಟ. ಹವಳದ ಸಂದಿನಲ್ಲಿ ಕಂಡ ಹಳದಿ ಮೀನುಗಳ ಹಿಂಡು, ತಲೆಯ ಮೇಲೆ ಬೆಳ್ಳಿ ತಗಡಿನಂತೆ ಕಂಡ ನೀರಿನ ಮೇಲ್ಮೈ, ಅದರಲ್ಲಿ ನಮ್ಮ ದೋಣಿಯ ಹೊಟ್ಟೆ: ಒಂದೇ ಉಸಿರಿಗೆ ಹೇಳಿದಳು. ಆಮೇಲೆ, “ಪಾಪ, ನಿಮಗೇನೂ ಕಾಣ್ಲಿಲ್ಲ” ಎಂದಳು.

ನಾನು ದ್ವೀಪದ ನೆತ್ತಿ ತೋರಿಸಿ ಜಟ್ಟಿಗನ ಕತೆ ಹೇಳಿದೆ. ಅವಳು ಒದ್ದೆ ಕೈಗಳನ್ನೇ ಜೋಡಿಸಿದಳು. “ಬಂದ ತಕ್ಷಣ ಹೇಳಬಾರದಿತ್ತಾ? ಕೇಳಿಕೊಂಡು ಇಳೀತಿದ್ದೆ” ಎಂದಳು. ಚುಕ್ಕಾಣಿಯ ಹಿರಿಯರು ನಕ್ಕು, “ತೊಂದ್ರೆ ಇಲ್ಲ ಅಕ್ಕಾ, ನಾನು ಕೇಳಿದ್ದೆ” ಎಂದು ಎಂಜಿನ್ ಚಾಲೂ ಮಾಡಿದರು.