ತೋಟದ ಹಣ್ಣು, ಜೇನು ಹಾಕಿದ ವಿಸ್ಕಿ ‘ನೈಸರ್ಗಿಕ’ವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

“ಕೊಡಗಿನ ಕಿತ್ತಳೆ, ಕಾಡುಜೇನು, ಶುಂಠಿ ಹಾಕಿ ಮನೆಯಲ್ಲೇ ವಿಸ್ಕಿ ಮಾಡಿ. ಕೆಮಿಕಲ್ ಇಲ್ಲ, ನೆಗಡಿಗೂ ಮದ್ದು!” ಇಂಥ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು? ಒಂದೊಂದಾಗಿ ನೋಡೋಣ.

ಸುವಾಸನೆಯ ವಿಸ್ಕಿ ಎಂದರೇನು?

ಬಾರ್ಲಿಯಂಥ ಧಾನ್ಯವನ್ನು ಹುದುಗಿಸಿ, ಬಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ವಿಸ್ಕಿ. ಹೀಗೆ ತಯಾರಾದ ವಿಸ್ಕಿಗೆ ಹಣ್ಣಿನ ಸಿಪ್ಪೆ, ಜೇನು, ಕಾಫಿ ಬೀಜ, ಏಲಕ್ಕಿ ಸೇರಿಸಿದರೆ ಸುವಾಸನೆಯ ವಿಸ್ಕಿ. ಮದ್ಯಸಾರ ಒಳ್ಳೆಯ ದ್ರಾವಕ. ನೀರಿನಲ್ಲಿ ಸರಿಯಾಗಿ ಕರಗದ ಸಿಪ್ಪೆಯ ಎಣ್ಣೆ ಅದರಲ್ಲಿ ಬೇಗ ಕರಗುತ್ತದೆ. ಪರಿಮಳದ ಗುಟ್ಟು ಇಷ್ಟೇ.

ಎಲ್ಲ ದೇಶಗಳೂ ಇದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ. ಸ್ಕಾಚ್‌ಗೆ ನೀರು ಮತ್ತು ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ ಬಿಟ್ಟು ಬೇರೇನನ್ನೂ ಸೇರಿಸುವಂತಿಲ್ಲ. ಅಮೆರಿಕದಲ್ಲಿ ‘ಫ್ಲೇವರ್ಡ್ ವಿಸ್ಕಿ’ಯೇ ಪ್ರತ್ಯೇಕ ವರ್ಗ. ಅದರಲ್ಲಿ ಕನಿಷ್ಠ ಶೇ 30 ಮದ್ಯಸಾರ ಇರಬೇಕು.

‘ಮನೆಯಲ್ಲೇ ಮಾಡಿ’ ಎನ್ನುವುದು ಸರಿಯೇ?

ಇಲ್ಲ. ಇಲ್ಲಿ ಎರಡು ಬೇರೆ ಕೆಲಸಗಳನ್ನು ಒಂದೇ ಎಂಬಂತೆ ಹೇಳಲಾಗುತ್ತದೆ. ಸಿದ್ಧ ವಿಸ್ಕಿಯಲ್ಲಿ ಸಿಪ್ಪೆ ನೆನೆಸುವುದು ಒಂದು. ಹಣ್ಣು, ಬೆಲ್ಲ ಕೊಳೆ ಹಾಕಿ ಬಟ್ಟಿ ಇಳಿಸುವುದು ಇನ್ನೊಂದು. ಎರಡನೆಯದು ವಿಸ್ಕಿ ಅಲ್ಲ, ಕಳ್ಳಭಟ್ಟಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು, ಮಾರುವುದು ಅಪರಾಧ.

‘ಕೆಮಿಕಲ್ ಇಲ್ಲ’ ಎನ್ನುವುದೂ ತಪ್ಪು. ಹಣ್ಣಿನಲ್ಲಿರುವ ಪೆಕ್ಟಿನ್ ಹುದುಗುವಾಗ ಸ್ವಲ್ಪ ಮೆಥನಾಲ್ ತಾನಾಗಿಯೇ ಉಂಟಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ, ಅಮಲು ಏರಲೆಂದು ಕೈಗಾರಿಕಾ ಮೆಥನಾಲ್ ಬೆರೆಸುವುದು. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನೇ ಸುಡುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಬಡವರು.

‘ಬೆಂಕಿ ಹಚ್ಚಿ ನೋಡಿ, ನೀಲಿ ಉರಿ ಬಂದರೆ ಶುದ್ಧ’ ಎನ್ನುತ್ತಾರಲ್ಲ?

ನಂಬಬೇಡಿ. ಮೆಥನಾಲ್ ಕೂಡ ತೆಳು ನೀಲಿಯಾಗಿಯೇ ಉರಿಯುತ್ತದೆ. ಬಣ್ಣ, ರುಚಿ, ವಾಸನೆಯಿಂದಲೂ ಪತ್ತೆಯಾಗದು. ಬಟ್ಟಿಯಲ್ಲಿ ಮೊದಲು ಬಂದ ಭಾಗ ಚೆಲ್ಲಿದರೆ ಮೆಥನಾಲ್ ಪೂರ್ತಿ ಹೋಗುತ್ತದೆ ಎಂಬುದೂ ಸುಳ್ಳು. ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ.

ಶುಂಠಿ, ಜೇನು ಇದ್ದರೆ ಮದ್ದಾಗುತ್ತದೆಯೇ?

ಇಲ್ಲ. ವಿಸ್ಕಿಯಿಂದ ನೆಗಡಿ ವಾಸಿಯಾಗುವುದಿಲ್ಲ. ಜೇನು ಸೇರಿದರೆ ಖಾರ ಮರೆಯಾಗಿ ಎರಡು ಗುಟುಕು ಹೆಚ್ಚೇ ಒಳಗಿಳಿಯುತ್ತದೆ. ಮದ್ಯ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ. ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಹಣ್ಣು ತೋಟದ್ದಾದರೂ ಈ ಮಾತು ಬದಲಾಗದು. ಶುಂಠಿ, ಜೇನು ಬೇಕಿದ್ದರೆ ಬಿಸಿನೀರಿಗೇ ಹಾಕಿ ಕುಡಿಯಬಹುದು.

ಯಾರಾದರೂ ಕುಡಿದಿದ್ದರೆ?

ಮೆಥನಾಲ್ ಲಕ್ಷಣಗಳು ಹಲವು ಗಂಟೆ ತಡವಾಗಿ, ಕೆಲವೊಮ್ಮೆ ಮರುದಿನ ಕಾಣಿಸಿಕೊಳ್ಳುತ್ತವೆ. ಕಣ್ಣು ಮಂಜಾಗುವುದು, ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ‘ಹ್ಯಾಂಗೋವರ್, ಮಲಗಿದರೆ ಸರಿಹೋಗುತ್ತೆ’ ಎಂದು ಬಿಡಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಪ್ರತಿವಿಷ, ಡಯಾಲಿಸಿಸ್ ಇದೆ. ಬೇಗ ಹೋದಷ್ಟೂ ಕಣ್ಣೂ ಪ್ರಾಣವೂ ಉಳಿಯುವ ಸಾಧ್ಯತೆ ಹೆಚ್ಚು. ಏನು ಕುಡಿದರು ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಒಟ್ಟಿನಲ್ಲಿ: ಹಣ್ಣಿನಿಂದ ವಿಸ್ಕಿಗೆ ಪರಿಮಳ ಬರುತ್ತದೆ ಎನ್ನುವುದು ನಿಜ. ಆರೋಗ್ಯ ಬರುತ್ತದೆ ಎನ್ನುವುದು ಸುಳ್ಳು. ಮನೆಯಲ್ಲಿ ಬಟ್ಟಿ ಇಳಿಸಿ ಎನ್ನುವುದು ಅಪಾಯ. ಆ ಸಂದೇಶ ಬಂದ ಗುಂಪಿಗೆ ಇದನ್ನೂ ಕಳುಹಿಸಿ.