ಪಾಸ್‌ಬುಕ್ಕಿನೊಳಗಿನ ಹೆಸರು

ಕಳೆದ ವರ್ಷ ನನ್ನ ಸೋದರತ್ತೆಯನ್ನು ಕರೆದುಕೊಂಡು ನಮ್ಮ ತಾಲ್ಲೂಕು ಕೇಂದ್ರದ ಬ್ಯಾಂಕೊಂದಕ್ಕೆ ಹೋಗಿದ್ದೆ. ಅವರ ಹಳೆಯ ಪಾಸ್‌ಬುಕ್ಕಿನಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿತ್ತು. ಆಧಾರ್ ಕಾರ್ಡಿನಲ್ಲಿ ‘ಲಕ್ಷ್ಮಮ್ಮ’. ರೇಷನ್ ಕಾರ್ಡಿನಲ್ಲಿ ಹೆಸರಿನ ಜೊತೆಗೆ ತೀರಿಹೋದ ಮಾವನ ಹೆಸರೂ ಅಂಟಿಕೊಂಡಿತ್ತು.

“ಹೆಸರು ತಾಳೆ ಆಗ್ತಿಲ್ಲಮ್ಮ” ಎಂದರು ಕೌಂಟರಿನಲ್ಲಿದ್ದ ಹುಡುಗ.

“ಹೆಸರು ತಾಳೆ ಆಗ್ದಿದ್ರೇನಪ್ಪ, ನಾನೇ ಬಂದಿದೀನಲ್ಲ” ಎಂದರು ಅತ್ತೆ.

ಸುತ್ತ ಇದ್ದವರೆಲ್ಲ ನಕ್ಕರು. ಆ ಹುಡುಗನೂ ನಕ್ಕು, ತರಬೇಕಾದ ಕಾಗದಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಬಸ್ಸಿನಲ್ಲಿ ಮರಳುವಾಗ ಅತ್ತೆಯ ಮಾತು ಮತ್ತೆ ಮತ್ತೆ ನೆನಪಾಯಿತು. ಅದು ಅಮಾಯಕರ ಮಾತಲ್ಲ. ನಮ್ಮ ನಾಡಿನಲ್ಲಿ ಬಹಳ ಕಾಲ ಲೆಕ್ಕಪತ್ರ ನಡೆದದ್ದೇ ಹಾಗೆ. ಮನುಷ್ಯರು ಎದುರಿಗಿದ್ದರೆ ಹೆಸರು ಅವರ ಹಿಂದೆ ಬರುತ್ತಿತ್ತು. ಈಗ ಹೆಸರು ಮೊದಲು, ಮನುಷ್ಯರು ಆಮೇಲೆ. ಈ ಅದಲುಬದಲು ಯಾವಾಗ ಆಯಿತು?

‘ಖಾತೆ ಬದಲಾವಣೆ’ ಎಂದರೆ ಹಳ್ಳಿಯವರ ಕಣ್ಣ ಮುಂದೆ ಮೊದಲು ಬರುವುದು ಜಮೀನು, ಬ್ಯಾಂಕಲ್ಲ. ಖಾತೆ, ಕಿರ್ದಿ, ಖತಾವಣಿ ಇವೆಲ್ಲ ಬ್ಯಾಂಕಿಗಿಂತ ಹಳೆಯ ಮಾತುಗಳು. ಅವುಗಳಿಗಿಂತಲೂ ಹಿಂದಿನದು ಕಡತ. ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಇಟ್ಟ ಕಪ್ಪು ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಠಗಳ, ವರ್ತಕರ, ಶಾನುಭೋಗರ ಲೆಕ್ಕಗಳು ಅಂಥ ಕಡತಗಳಲ್ಲಿ ಉಳಿದು ಬಂದಿವೆ. ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಬರೆದವನಿಗೆ ಊರಿನವರೆಲ್ಲ ಗೊತ್ತಿದ್ದುದರಿಂದ, ‘ಕೆಳಗಿನಮನೆ ಲಕ್ಕಮ್ಮ’ ಎಂದರೆ ಯಾರೆಂದು ಯಾರೂ ಕೇಳಬೇಕಿರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕರಾವಳಿಯಲ್ಲಿ ಬ್ಯಾಂಕುಗಳು ಹುಟ್ಟಿದಾಗಲೂ ಈ ಪರಿಚಯವೇ ಅವುಗಳ ಬಂಡವಾಳವಾಗಿತ್ತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ತೆರೆಯಿತು. 1925ರಲ್ಲಿ ಉಡುಪಿಯಲ್ಲೇ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಸೇರಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಕೇವಲ 8,000 ರೂಪಾಯಿ ಬಂಡವಾಳದಿಂದ ಇನ್ನೊಂದನ್ನು ಕಟ್ಟಿದರು. ನಾವು ಸಿಂಡಿಕೇಟ್ ಬ್ಯಾಂಕ್ ಎಂದು ತಿಳಿದದ್ದು ಅದನ್ನೇ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ದಿನವೂ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದರು. ದಿನಾ ಕಾಣುವ ಮುಖವೇ ಅಲ್ಲಿ ಗುರುತಿನ ಚೀಟಿ.

ಆಮೇಲೂ ಬಹಳ ಕಾಲ ಹೊಸ ಖಾತೆ ತೆರೆಯಲು ಹಳೆಯ ಖಾತೆದಾರರೊಬ್ಬರ ಪರಿಚಯದ ಸಹಿ ಬೇಕಿತ್ತು. ‘ಇವರನ್ನು ನಾನು ಬಲ್ಲೆ’ ಎಂದು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಪರವಾಗಿ ಹೇಳಬೇಕಿತ್ತು. ಈ ವ್ಯವಸ್ಥೆಯನ್ನು ಹಾಡಿ ಹೊಗಳಬೇಕಿಲ್ಲ. ಬ್ಯಾಂಕಿನೊಳಗೆ ಪರಿಚಯವೇ ಇಲ್ಲದ ಕೂಲಿಯವರು, ಊರು ಬಿಟ್ಟು ಬಂದವರು, ಒಂಟಿ ಹೆಂಗಸರು ಹೊರಗೇ ಉಳಿಯುತ್ತಿದ್ದರು. ಬಲ್ಲವರಿಗೆ ಬೆಲ್ಲ, ಉಳಿದವರಿಗೆ ಬಾಗಿಲು.

ಹೆಣ್ಣಿಗಂತೂ ಹೆಸರಿನ ಪ್ರಶ್ನೆಗಿಂತ ಮೊದಲು ಆಸ್ತಿಯ ಪ್ರಶ್ನೆ ಇತ್ತು. ಹಣವೇ ತನ್ನದಲ್ಲದಿದ್ದರೆ ಖಾತೆಯ ಮೇಲೆ ಯಾರ ಹೆಸರಿದ್ದರೇನು? 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆ ಹೆಂಡತಿಯ ಗಳಿಕೆ ಅವಳದೇ ಎಂದಿತು. ಆದರೆ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ ಹೆಂಗಸರನ್ನು ಹೊರಗಿಟ್ಟಿತು. ಹಿಂದೂ ಹೆಂಗಸರ ಮಟ್ಟಿಗೆ ಮೈಸೂರು ಸಂಸ್ಥಾನ 1933ರಲ್ಲೇ ಮಹಿಳಾ ಹಕ್ಕುಗಳ ಕಾಯಿದೆ ತಂದು ಕುಟುಂಬದ ಆಸ್ತಿಯಲ್ಲಿ ಅವರಿಗೆ ಸ್ವಲ್ಪ ಜಾಗ ಮಾಡಿಕೊಟ್ಟಿತು. ಇಡೀ ದೇಶದಲ್ಲಿ ಹಿಂದೂ ಹೆಂಗಸಿನ ಆಸ್ತಿ ಪೂರ್ತಿ ಅವಳದೇ ಎಂದು ಕಾನೂನು ಹೇಳಿದ್ದು 1956ರ ಉತ್ತರಾಧಿಕಾರ ಕಾಯಿದೆಯಲ್ಲಿ. ಹಾಗಾಗಿ ನಮ್ಮ ಅಜ್ಜಿಯರಲ್ಲಿ ಯಾರಾದರೂ ತಮ್ಮ ಹೆಸರಿನಲ್ಲೇ ಖಾತೆ ತೆರೆದಿದ್ದರೆ, ಅದು ಸಣ್ಣ ಸಂಗತಿಯಲ್ಲ.

ಆದರೆ ಯಾವ ಹೆಸರು? ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕೆಂದು ನಮ್ಮ ಯಾವ ಕಾನೂನೂ ಹೇಳುವುದಿಲ್ಲ. ರೂಢಿ ಹೇಳುತ್ತದೆ. ಉತ್ತರ ಕರ್ನಾಟಕದ ಕೆಲವು ಮನೆತನಗಳಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಯುವ ಪದ್ಧತಿಯಿತ್ತು. ಅಪ್ಪನ ಮನೆಯ ಹೆಸರು ಅಲ್ಲಿಗೆ ಮುಗಿಯಿತು. ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ಲೆಕ್ಕವೇ ಬೇರೆ: ಅಲ್ಲಿ ಮದುವೆಯಾದರೂ ಹೆಣ್ಣು ತಾಯಿಯ ಕುಟುಂಬದವಳೇ, ಆಸ್ತಿ ಹರಿಯುತ್ತಿದ್ದುದೂ ಹೆಣ್ಣಿನ ಕಡೆಯಿಂದಲೇ. ಹಳೆಯ ಮೈಸೂರಿನ ಕಡೆ ಅಡ್ಡಹೆಸರೇ ಅಪರೂಪ. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಆಮೇಲೆ ಹೆಸರು. ಮದುವೆಯಾದ ಮೇಲೆ ಅಪ್ಪನ ಅಕ್ಷರ ಹೋಗಿ ಗಂಡನ ಅಕ್ಷರ ಬರುತ್ತದೆ. ಒಂದೇ ಒಂದು ಅಕ್ಷರ. ಆದರೆ ಕಂಪ್ಯೂಟರಿಗೆ ಅಷ್ಟೇ ಸಾಕು, ಅವಳು ಬೇರೊಬ್ಬಳು.

ಇದರ ಮೇಲೆ ಇಂಗ್ಲಿಷಿನ ಕಾಗುಣಿತ. ಕನ್ನಡದಲ್ಲಿ ಲಕ್ಷ್ಮಿ ಒಬ್ಬಳೇ. ರೋಮನ್ ಲಿಪಿಗೆ ಹೋದ ಕೂಡಲೇ ‘ಕ್ಷ’ಕ್ಕೆ ಒಬ್ಬರು ಕೆ, ಎಸ್, ಎಚ್ ಬರೆಯುತ್ತಾರೆ, ಇನ್ನೊಬ್ಬರು ಎಕ್ಸ್ ಒಂದರಲ್ಲೇ ಮುಗಿಸುತ್ತಾರೆ. ‘ತ’ಕ್ಕೆ ನಾವು ಎಚ್ ಸೇರಿಸುತ್ತೇವೆ, ಉತ್ತರದವರು ಸೇರಿಸುವುದಿಲ್ಲ. ಅರ್ಜಿ ತುಂಬಿಕೊಟ್ಟವರ ಕೈಬರಹದ ಅಭ್ಯಾಸವೇ ಓದುಬಾರದವರ ಶಾಶ್ವತ ಹೆಸರಾಗಿಬಿಡುತ್ತದೆ.

ಮುಖದಿಂದ ಕಾಗದಕ್ಕೆ ಗುರುತು ಪೂರ್ತಿ ಜಾರಿದ್ದು ಈ ಶತಮಾನದಲ್ಲಿ. 2002ರಲ್ಲಿ ರಿಸರ್ವ್ ಬ್ಯಾಂಕು ‘ನಿಮ್ಮ ಗ್ರಾಹಕರನ್ನು ತಿಳಿಯಿರಿ’ ಎಂಬ ನಿಯಮಗಳನ್ನು ತಂದಿತು; ನಾವೆಲ್ಲ ಕೆವೈಸಿ ಎನ್ನುವುದು ಅದನ್ನೇ. 2005ರಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆ ಜಾರಿಗೆ ಬಂದು ಅದಕ್ಕೆ ಬಲ ಕೊಟ್ಟಿತು. ಕ್ರಮೇಣ ಪರಿಚಯದ ಸಹಿ ಬೇಡವೆಂದಾಯಿತು. ಯಾರ ಶಿಫಾರಸೂ ಇಲ್ಲದೆ ಬಡವರು ಖಾತೆ ತೆರೆಯುವಂತಾದದ್ದು ಇದರ ದೊಡ್ಡ ಲಾಭ. 2014ರ ಜನಧನ್ ಯೋಜನೆ ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿತು. ಆದರೆ ಈಗ ಸಾಕ್ಷಿ ಹೇಳುವುದು ಮನುಷ್ಯರಲ್ಲ, ದಾಖಲೆಗಳು. ಅವು ಒಂದಕ್ಕೊಂದು ವಿರುದ್ಧ ಹೇಳಿದರೆ ಕೇಳುವವರಿಲ್ಲ.

ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನ ಒಂದು ದಾರಿಯನ್ನು ಬಿಟ್ಟಿದೆ. ಹೆಸರು ಬದಲಾಗಿದ್ದರೂ, ಸರ್ಕಾರ ಕೊಟ್ಟ ವಿವಾಹ ಪ್ರಮಾಣಪತ್ರವೋ ರಾಜ್ಯಪತ್ರದ ಪ್ರಕಟಣೆಯೋ ಜೊತೆಗಿದ್ದರೆ ಹಳೆಯ ದಾಖಲೆಯನ್ನು ಒಪ್ಪಬಹುದು. ಚಪ್ಪರದ ಕೆಳಗೆ ಮದುವೆಯಾದ ನನ್ನ ಅತ್ತೆಯ ಬಳಿ ಇದ್ದದ್ದು ಒಂದು ಲಗ್ನಪತ್ರಿಕೆ, ಅದೂ ಗೆದ್ದಲು ತಿಂದದ್ದು. ಮದುವೆ ನೋಂದಣಿಗೆ ಕರ್ನಾಟಕದಲ್ಲಿ 1976ರಲ್ಲೇ ಕಾಯಿದೆಯಾಗಿದ್ದರೂ, ಎಲ್ಲ ಮದುವೆಗಳೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೂ ಹೇಳಬೇಕಾಯಿತು.

ಲಿಂಗತ್ವ ಅಲ್ಪಸಂಖ್ಯಾತರಿಗೆ ಈ ಹಾದಿ ಇನ್ನೂ ಕಡಿದು. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2015ರಲ್ಲಿ ಬ್ಯಾಂಕುಗಳು ತಮ್ಮ ಅರ್ಜಿಗಳಲ್ಲಿ ಅವರಿಗೊಂದು ಕಾಲಂ ಸೇರಿಸಬೇಕಾಯಿತು. ಗುರುತಿನ ದಾಖಲೆಗಳಲ್ಲಿ ಹೆಸರು ಬದಲಿಸಿಕೊಳ್ಳುವ ಹಕ್ಕನ್ನು 2019ರ ಕಾಯಿದೆ ಕೊಟ್ಟಿದೆ. ಅವರಿಗೆ ಪಾಸ್‌ಬುಕ್ಕಿನ ಹೆಸರೆಂದರೆ ಬರೀ ಕಾಗುಣಿತವಲ್ಲ.

ಈ ಎಲ್ಲದರ ಬಿಸಿ ನಮ್ಮ ಹಳ್ಳಿಗಳಿಗೆ ನೇರವಾಗಿ ತಟ್ಟಿದ್ದು 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗ. ತಿಂಗಳಿಗೆ 2,000 ರೂಪಾಯಿ, ಮನೆಯ ಯಜಮಾನಿಯ ಖಾತೆಗೇ. ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು ಮೂರರಲ್ಲೂ ತಾನು ಒಬ್ಬಳೇ ಎಂದು ತೋರಿಸಬೇಕಾದ ಕೆಲಸ ಹೆಂಗಸರ ತಲೆಯ ಮೇಲೆ ಬಿತ್ತು. ನನ್ನ ಅತ್ತೆ ಬ್ಯಾಂಕಿನ ಮೆಟ್ಟಿಲು ಹತ್ತಿದ್ದೂ ಅದಕ್ಕೇ.

ಎರಡನೆಯ ಸಲ ಹೋದಾಗ, ಸರದಿಯಲ್ಲಿ ಕೂತಿದ್ದ ಅತ್ತೆ ತಮ್ಮ ಹಳೆಯ ಪಾಸ್‌ಬುಕ್ಕಿನ ರಟ್ಟನ್ನೂ ಗೋಡೆಯ ಮೇಲಿನ ಬೋರ್ಡನ್ನೂ ನೋಡಿ ಕೇಳಿದರು: “ಇವರ ಹೆಸರೂ ಬದಲಾಗೈತಲ್ಲೋ. ಇವರು ಯಾರಿಗೆ ಅಫಿಡವಿಟ್ ಕೊಟ್ರು?”

ಪ್ರಶ್ನೆ ನ್ಯಾಯವಾದದ್ದೇ. ಕೆನರಾ ಫಂಡ್ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಹಾಗೆಯೇ ಮರೆಯಾದವು. ಅವಕ್ಕೂ ರಾಜ್ಯಪತ್ರದಲ್ಲಿ ಪ್ರಕಟಣೆಯೇ ಆಧಾರ. ವ್ಯತ್ಯಾಸವಿಷ್ಟೆ: ಅವುಗಳ ಹೆಸರು ಬದಲಾದಾಗ ಓಡಾಡಿದ್ದೂ ನಾವೇ, ಹೊಸ ಐಎಫ್‌ಎಸ್‌ಸಿ ಸಂಖ್ಯೆ, ಹೊಸ ಚೆಕ್ ಪುಸ್ತಕ ಎಂದು. ಬೆಂಗಳೂರಿನವರು ಮಾತ್ರ ಇಂದಿಗೂ ‘ಮೈಸೂರು ಬ್ಯಾಂಕ್ ಸರ್ಕಲ್’ ಎಂದೇ ಹೇಳಿ ಬಸ್ಸಿಳಿಯುತ್ತಾರೆ. ಬ್ಯಾಂಕಿಗೆ ಹಳೆಯ ಹೆಸರಿನಲ್ಲಿ ನೆನಪಿನಲ್ಲುಳಿಯುವ ಅವಕಾಶವಿದೆ.

ಅತ್ತೆಯ ಕೆಲಸ ನಾಲ್ಕನೆಯ ಭೇಟಿಗೆ ಮುಗಿಯಿತು. ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ಟಿನ ಸಾರ ಇಷ್ಟೇ: ಈ ಎರಡೂ ಹೆಸರಿನವಳು ನಾನೊಬ್ಬಳೇ. ಓದಿ ಹೇಳಿದಾಗ ಅವರು ತಲೆದೂಗಿ ಹೆಬ್ಬೆಟ್ಟು ಒತ್ತಿದರು. ಮೊದಲ ದಿನ ಕೌಂಟರಿನಲ್ಲಿ ನಿಂತು ಅವರು ಬಾಯಿಮಾತಿನಲ್ಲಿ ಹೇಳಿದ್ದೂ ಅದನ್ನೇ.