ಒಂದೇ ಶ್ವಾಸಕೋಶ, ಮೂವತ್ತು ವರ್ಷ

ನಮ್ಮ ನಿಪ್ಪಾಣಿ ತಂಬಾಕಿಗೆ ಹೆಸರುವಾಸಿ. ಹಾಗಾಗಿ ಈ ಕಥೆ ನನಗೆ ದೂರದ್ದು ಅನ್ನಿಸುವುದಿಲ್ಲ.

1933ರ ಏಪ್ರಿಲ್ 5. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡಾ. ಎವರ್ಟ್ಸ್ ಗ್ರಹಾಂ, ಕ್ಯಾನ್ಸರ್ ಆಗಿದ್ದ ಡಾ. ಜೇಮ್ಸ್ ಗಿಲ್ಮೋರ್ ಅವರ ಇಡೀ ಎಡ ಶ್ವಾಸಕೋಶ ತೆಗೆದರು. ಖಾಲಿ ಜಾಗ ಉಳಿಯಬಾರದೆಂದು ಪಕ್ಕೆಲುಬುಗಳನ್ನೂ ತೆಗೆದು ಎದೆಗೂಡು ಕುಗ್ಗಿಸಿದರು. ಆದರೂ ಕೀವು ತುಂಬಿತು, ಮತ್ತೆ ಚಿಕಿತ್ಸೆ ಬೇಕಾಯಿತು. ಆಮೇಲೆ ಗಿಲ್ಮೋರ್ 30 ವರ್ಷ ಬದುಕಿದರು. ಸಿಗರೇಟು ಸೇದುತ್ತಿದ್ದ ಗ್ರಹಾಂ ಮಾತ್ರ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು!

ಈಗ ಸಾಮಾನ್ಯವಾಗಿ ಪಕ್ಕೆಲುಬು ತೆಗೆಯುವುದಿಲ್ಲ. ಆ ಜಾಗದಲ್ಲಿ ತಾನಾಗಿ ನೀರು ತುಂಬುತ್ತದೆ, ಹೃದಯವೂ ಅತ್ತ ಸರಿಯುತ್ತದೆ. ಆದರೆ ಅಲ್ಲಿ ಎಷ್ಟೋ ವರ್ಷಗಳ ಮೇಲೂ ಕೀವಾಗಬಹುದು. ಅಥಣಿ, ಕಾಗವಾಡದಿಂದ ಮಿರಜಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡವರಿಗೆ ನಾನು ಹೇಳುವುದಿಷ್ಟೇ: ಜ್ವರ ಬಂದರೆ, ಉಸಿರಾಟ ಹೆಚ್ಚು ಕಷ್ಟವಾದರೆ, ಕಫ ನೀರುನೀರಾದರೆ ಕೂಡಲೇ ಡಾಕ್ಟರಿಗೆ ತೋರಿಸಿ. ಹೊಲಿಗೆ ಬಿಚ್ಚಿದ ದಿನಕ್ಕೆ ಎಲ್ಲ ಮುಗಿಯಿತು ಅನ್ನಬೇಡಿ.